ಒದ್ದೆ ಬಟ್ಟೆಯ ತೂಕ

ಮೆಕ್ಯಾನಿಕಲ್ ವಿಭಾಗದ ಮೂರನೇ ವರ್ಷದ ಆ ಹುಡುಗಿಯನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬೋಲ್ಟು ಅಂತ. ಅವಳ ಬ್ಯಾಗಿನ ತಳದಲ್ಲಿ ಸದಾ ನಾಲ್ಕೈದು ಬೋಲ್ಟು ಗಲಗಲ ಅನ್ನುತ್ತಿದ್ದವು ಅನ್ನುವುದು ಒಂದು ಕಾರಣ. ಒಂದು ಮಾತು ತಲೆಯೊಳಗೆ ಹೊಕ್ಕರೆ ಸ್ಪ್ಯಾನರ್ ಹಾಕಿದರೂ ಅದು ಅಲ್ಲಾಡುತ್ತಿರಲಿಲ್ಲ ಅನ್ನುವುದು ನಿಜವಾದ ಕಾರಣ. ಅವಳಿಗೆ ಎರಡೂ ಗೊತ್ತಿತ್ತು, ಮೊದಲನೆಯದನ್ನಷ್ಟೇ ಒಪ್ಪಿಕೊಳ್ಳುತ್ತಿದ್ದಳು.

ಆ ವರ್ಷ ಡಿಸೈನ್ ಮೇಡಂ ಹೊಸ ವಿಷಯವೊಂದನ್ನು ಶುರು ಮಾಡಿದರು. ಬೇರೆ ಬೇರೆ ವಿಭಾಗದ ನಾಲ್ಕು ಜನ ಒಂದು ತಂಡ. ಹದಿಮೂರು ವಾರ. ಎಲ್ಲೋ ಕೆಲಸ ಮಾಡುವ ಒಬ್ಬ ನಿಜವಾದ ಮನುಷ್ಯನ ನಿಜವಾದ ತೊಂದರೆಯೊಂದಕ್ಕೆ ಏನಾದರೂ ಮಾಡಿಕೊಡಬೇಕು. ಕಾಗದದ ಮೇಲೆ ಅಲ್ಲ, ಕೈಯಲ್ಲಿ ಮುಟ್ಟುವ ಹಾಗೆ. ತಂಡಗಳ ಪಟ್ಟಿಯನ್ನು ಮೇಡಂ ಅವರೇ ಮಾಡಿ ಬಾಗಿಲಿಗೆ ಅಂಟಿಸಿದ್ದರು. ಗೆಳೆಯ ಗೆಳತಿಯರನ್ನು ಒಟ್ಟಿಗೆ ಹಾಕಿ ಅಂತ ಬೇಡಿಕೊಳ್ಳಲು ಹೋದವರಿಗೆ, "ನಿಮ್ಮ ಹಾಗೇ ಯೋಚನೆ ಮಾಡೋರು ಬೇಕಾದ್ರೆ ಕನ್ನಡಿ ನೋಡ್ಕೊಳ್ಳಿ," ಅಂದು ಕಳಿಸಿದರಂತೆ.

ಬೋಲ್ಟಿನ ತಂಡಕ್ಕೆ ಬಂದವರು ಮೂವರು. ಎಲೆಕ್ಟ್ರಾನಿಕ್ಸ್ ಹುಡುಗನ ಹೆಸರು ಕರೆಂಟು; ಮಾತಾಡಲು ಶುರು ಮಾಡಿದರೆ ಕರೆಂಟ್ ಹೋದರೂ ನಿಲ್ಲಿಸುವವನಲ್ಲ. ಕಂಪ್ಯೂಟರ್ ವಿಭಾಗದ ಹುಡುಗ ಮೌನಿ. ಎರಡು ವರ್ಷದಲ್ಲಿ ಅವನ ದನಿ ಕೇಳಿದವರು ಹಾಜರಿ ಕರೆಯುವ ಮೇಷ್ಟ್ರುಗಳು ಮಾತ್ರ. ನಾಲ್ಕನೆಯವಳು ಪಕ್ಕದ ಫಿಸಿಯೋಥೆರಪಿ ಕಾಲೇಜಿನಿಂದ ಬಂದವಳು. ಮೊದಲ ದಿನವೇ ಮೂವರಿಗೂ "ನೆಟ್ಟಗೆ ಕೂತ್ಕೊಳ್ಳಿ, ನಲವತ್ತಕ್ಕೆ ಗೂನಾಗ್ತೀರ" ಅಂದದ್ದರಿಂದ ಡಾಕ್ಟ್ರಮ್ಮ ಆದಳು.

ತೊಂದರೆ ಹುಡುಕಲು ಬೋಲ್ಟು ದೂರ ಹೋಗಬೇಕಿರಲಿಲ್ಲ. ಅವಳು ಓದುವುದಕ್ಕಾಗಿ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಬಸ್ ಡ್ರೈವರ್. ಚಿಕ್ಕಮ್ಮ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದಳು. ಹಾಸಿಗೆಯ ಬಟ್ಟೆ, ಟವೆಲ್ಲು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲ ದೊಡ್ಡ ಮೆಷಿನ್‌ಗಳಲ್ಲಿ ಒಗೆದು ಬರುತ್ತವೆ. ಅದನ್ನು ಮೆಷಿನ್‌ನಿಂದ ಎಳೆದು ಆಳವಾದ ತಳ್ಳುಗಾಡಿಗೆ ತುಂಬಬೇಕು. ಗಾಡಿಯನ್ನು ಒಣಗಿಸುವ ಮೆಷಿನ್ ಹತ್ತಿರ ತಳ್ಳಿ, ಒಂದೊಂದಾಗಿ ಎತ್ತಿ ಒಳಗೆ ಹಾಕಬೇಕು. ಮೇಲಿನ ಬಟ್ಟೆ ಸುಲಭ. ತಳದಲ್ಲಿರುವುದಕ್ಕೆ ಗಾಡಿಯೊಳಗೆ ಅರ್ಧ ದೇಹ ಇಳಿಸಬೇಕು. ಸಂಜೆ ಮನೆಗೆ ಬಂದ ಚಿಕ್ಕಮ್ಮ ಚಪ್ಪಲಿ ಬಿಡುವುದಕ್ಕೂ ಬಗ್ಗುತ್ತಿರಲಿಲ್ಲ. ಕಾಲಲ್ಲೇ ಒದ್ದು ಮೂಲೆಗೆ ಕಳಿಸುತ್ತಿದ್ದಳು.

"ಬಟ್ಟೆ ಕಮ್ಮಿಯಾದ ಹಾಗೆ ತಾನಾಗೇ ಮೇಲೆ ಬರೋ ತಳ ಮಾಡಿದ್ರೆ ಆಯ್ತು," ಅಂದಳು ಬೋಲ್ಟು, ಮೊದಲ ಸಭೆಯಲ್ಲಿ, ಕುರ್ಚಿ ಎಳೆದು ಕೂರುವ ಮೊದಲೇ. "ನಾಲ್ಕು ಮೂಲೆಗೆ ನಾಲ್ಕು ಸ್ಪ್ರಿಂಗು. ಭಾರ ಇದ್ರೆ ಕೆಳಗೆ, ಇಲ್ದಿದ್ರೆ ಮೇಲೆ. ಮುಗೀತು."

"ಸ್ಪ್ರಿಂಗಾ?" ಅಂದ ಕರೆಂಟು, ಯಾರೋ ಎತ್ತಿನಗಾಡಿ ತಂದು ನಿಲ್ಲಿಸಿದ ಹಾಗೆ. "ಒಂದು ಮೋಟರು, ಒಂದು ಬ್ಯಾಟರಿ, ಕೆಳಗೆ ತೂಕದ ಸೆನ್ಸರು. ಗುಂಡಿ ಒತ್ತಿದ್ರೆ ತಳ ಮೇಲೆ. ಯಾವ ಕಾಲದಲ್ಲಿದೀಯ ನೀನು?"

"ನೆಲವೆಲ್ಲಾ ನೀರಿರೋ ಕಾಲದಲ್ಲಿ. ಅಲ್ಲಿಗೆ ಬ್ಯಾಟರಿ ತಗೊಂಡು ಹೋಗ್ತೀಯಾ?"

ಮೌನಿ ಲ್ಯಾಪ್‌ಟಾಪನ್ನು ಮೆಲ್ಲನೆ ಇವರ ಕಡೆ ತಿರುಗಿಸಿದ. ಅದರಲ್ಲಿ ಅವನು ಆಗಲೇ ಒಂದು ಆ್ಯಪ್‌ನ ಚಿತ್ರ ಬಿಡಿಸಿದ್ದ. ಯಾವ ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ನೋಡಬಹುದು.

"ಗಾಡಿ ಕಣ್ಣೆದುರಿಗೇ ಇರುತ್ತೆ ಕಣೋ," ಅಂದಳು ಬೋಲ್ಟು. ಮೌನಿ ಲ್ಯಾಪ್‌ಟಾಪನ್ನು ಮೆಲ್ಲನೆ ವಾಪಸ್ ತಿರುಗಿಸಿಕೊಂಡ.

"ಮೊದ್ಲು ಅವರ ಬೆನ್ನು ನೋಡ್ಬೇಕಲ್ವಾ?" ಅಂದಳು ಡಾಕ್ಟ್ರಮ್ಮ. "ದಿನಕ್ಕೆ ಎಷ್ಟು ಸಲ ಬಗ್ತಾರೆ, ಎಷ್ಟು ಬಗ್ತಾರೆ, ಬಗ್ಗುವಾಗ ತಿರುಗ್ತಾರಾ..."

"ಅದೆಲ್ಲ ನನಗೆ ಗೊತ್ತು. ನಮ್ಮನೆಯವರೇ ಅಲ್ವಾ," ಅಂದಳು ಬೋಲ್ಟು.

ಹೀಗೆ ಮೂರು ವಾರ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಸಭೆ ಅಂದರೆ ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ನಾಲ್ಕು ಬೇರೆ ಕೆಲಸ ಮಾಡುವುದು ಅಂತಾಯಿತು. ಕೊನೆಗೆ ಬೋಲ್ಟು ಎಲ್ಲರಿಗೂ ಕೆಲಸ ಹಂಚಿಬಿಟ್ಟಳು. ಗಾಡಿ, ಸ್ಪ್ರಿಂಗು ಅವಳದು. ಕರೆಂಟಿಗೆ ಬೇಜಾರಾಗಬಾರದು ಅಂತ ತೂಕ ತೋರಿಸುವ ಒಂದು ಸಣ್ಣ ಪೆಟ್ಟಿಗೆ. ಮೌನಿ ಮತ್ತು ಡಾಕ್ಟ್ರಮ್ಮ ಆಸ್ಪತ್ರೆಗೆ ಹೋಗಿ ಬಗ್ಗುವುದನ್ನು ಎಣಿಸಿಕೊಂಡು ಬರುವುದು. "ಯಾರೂ ಯಾರ ಕೆಲಸಕ್ಕೂ ತಲೆ ಹಾಕೋದು ಬೇಡ," ಅಂದಳು. ಜಗಳ ತಪ್ಪಿತಲ್ಲ ಅಂತ ಎಲ್ಲರೂ ಒಪ್ಪಿದರು.

ಎಣಿಸಲು ಹೋದವರದು ಅವರದೇ ಒಂದು ಕಥೆಯಾಯಿತು. ಮೌನಿ ಒಂದು ಮೂಲೆಯಲ್ಲಿ ಕ್ಯಾಮೆರಾ ಇಟ್ಟು, ಮನುಷ್ಯರು ಬಗ್ಗಿದ್ದನ್ನು ತಾನೇ ಎಣಿಸುವ ಪ್ರೋಗ್ರಾಮ್ ಬರೆದಿದ್ದ. ಮೊದಲ ದಿನ ಅದು ಒಂದೂವರೆ ಸಾವಿರ ಸಲ ಅಂತ ಹೇಳಿತು. ಗಾಬರಿಯಾಗಿ ನೋಡಿದರೆ, ಒಣಗಿಸುವ ಮೆಷಿನ್‌ನ ಬಾಗಿಲು ತೆರೆದು ಮುಚ್ಚಿದ್ದನ್ನೂ ಅದು ಬಗ್ಗುವುದು ಅಂತಲೇ ತಿಳಿದಿತ್ತು. ಡಾಕ್ಟ್ರಮ್ಮ ಅವನ ಕೈಗೆ ಪೆನ್ಸಿಲ್ ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದಳು. ಮೂರು ದಿನ ಅವನು ಗೆರೆ ಹಾಕುತ್ತಾ ಕೂತ. ಆ ಹೆಂಗಸರು ಅವನನ್ನು ಮಾತಾಡಿಸಲು ಏನೆಲ್ಲ ಮಾಡಿದರು, ಅವನು ಬರೀ ನಕ್ಕ. "ಪಾಪ, ಬಾಯಿ ಬರಲ್ವೇನೋ," ಅಂತ ಒಬ್ಬರು ಟೀ ತಂದುಕೊಟ್ಟಾಗ, "ಸಕ್ಕರೆ ಬೇಡ" ಅಂದುಬಿಟ್ಟ. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಲೆಕ್ಕ ಬಂದದ್ದು, ಒಬ್ಬೊಬ್ಬರೂ ದಿನಕ್ಕೆ ಇನ್ನೂರ ಹದಿನಾಲ್ಕು ಸಲ.

ಇತ್ತ ಬೋಲ್ಟು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಚಿಕ್ಕಮ್ಮ, ಒಂದು ಗಾಡಿಗೆ ಎಷ್ಟು ಬಟ್ಟೆ ಹಾಕ್ತೀಯ?"

"ಒಂದು ಲೋಡು."

"ಲೋಡು ಅಂದ್ರೆ ಎಷ್ಟು ಕಿಲೋ?"

"ಇಪ್ಪತ್ತೈದು. ಮೆಷಿನ್ ಮೇಲೇ ಬರೆದಿದೆಯಲ್ಲ."

ಇಪ್ಪತ್ತೈದು ಅಂತ ಬೋಲ್ಟು ಅಂಗೈಯಲ್ಲೇ ಬರೆದುಕೊಂಡಳು. ಆ ಒಂದು ಸಂಖ್ಯೆಯ ಮೇಲೆ ಸ್ಪ್ರಿಂಗಿನ ತಂತಿಯ ದಪ್ಪ, ಸುರುಳಿಯ ಸಂಖ್ಯೆ, ತಳ ಎಷ್ಟು ಇಳಿಯಬೇಕು ಎಲ್ಲ ಲೆಕ್ಕ ಹಾಕಿದಳು. ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ವರ್ಕ್‌ಶಾಪಿನ ಮೇಸ್ತ್ರಿಯನ್ನು ಕಾಡಿ ಬೇಡಿ ಚೌಕಟ್ಟು ಬೆಸೆಸಿಕೊಂಡಳು. ಖಾಲಿ ಗಾಡಿಯ ತಳವನ್ನು ಕೈಯಿಂದ ಒತ್ತಿ ಬಿಟ್ಟರೆ ಅದು ಮಗು ನಿದ್ದೆಯಿಂದ ಏಳುವ ಹಾಗೆ ನಿಧಾನವಾಗಿ ಮೇಲೆ ಬರುತ್ತಿತ್ತು. ಅವಳು ದಿನಕ್ಕೆ ಇಪ್ಪತ್ತು ಸಲ ಒತ್ತಿ ಬಿಟ್ಟು ನೋಡಿದಳು.

ಆರನೇ ವಾರ ಗಾಡಿಯನ್ನು ಆಸ್ಪತ್ರೆಗೆ ತಂದರು. ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಬಿಸಿ ಹಬೆ, ಸೋಪಿನ ವಾಸನೆ, ಎಂಟು ಮೆಷಿನ್‌ಗಳ ಗರಗರ. ಮಾತಾಡಬೇಕಾದರೆ ಕೂಗಬೇಕು, ಆದ್ದರಿಂದ ಅಲ್ಲಿಯವರು ಹೊರಗೂ ಕೂಗಿಯೇ ಮಾತಾಡುತ್ತಿದ್ದರು. ಮೇಡಂ ಕೂಡ ಬಂದು ಗೋಡೆಗೆ ಒರಗಿ ನಿಂತಿದ್ದರು. ಕೆಲಸ ಬಿಟ್ಟು ಹತ್ತು ಹನ್ನೆರಡು ಜನ ಸುತ್ತ ಸೇರಿದರು.

"ನಮ್ಮ ಅಕ್ಕನ ಮಗಳು ಮಾಡಿದ್ದು," ಅಂತ ಚಿಕ್ಕಮ್ಮ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ, ಮೆಷಿನ್ ಬಾಗಿಲು ತೆಗೆದು ಬಟ್ಟೆ ಎಳೆದೆಳೆದು ಗಾಡಿಗೆ ಹಾಕಿದಳು. ತಳ ಇಳಿಯಿತು. ಇನ್ನಷ್ಟು ಹಾಕಿದಳು. ಇನ್ನಷ್ಟು ಇಳಿಯಿತು. ಮೆಷಿನ್‌ನಲ್ಲಿ ಇನ್ನೂ ಮೂರನೇ ಒಂದು ಭಾಗ ಬಟ್ಟೆ ಇರುವಾಗಲೇ "ಧಡ್" ಅಂತ ಸದ್ದಾಯಿತು. ತಳ ಚೌಕಟ್ಟಿಗೆ ಬಡಿದು ಕೂತಿತು.

ಪೂರಾ ತುಂಬಿದ ಗಾಡಿಯನ್ನು ತಳ್ಳಿಕೊಂಡು ಹೋಗಿ ಖಾಲಿ ಮಾಡತೊಡಗಿದಳು ಚಿಕ್ಕಮ್ಮ. ನಾಲ್ಕು ಹಾಸಿಗೆ ಬಟ್ಟೆ ತೆಗೆದಳು, ತಳ ಮಿಸುಕಲಿಲ್ಲ. ಹತ್ತು ತೆಗೆದಳು, ಮಿಸುಕಲಿಲ್ಲ. ಬಗ್ಗಿ ಗಾಡಿಯೊಳಗೆ ಮುಖ ಹಾಕಿ, "ಏನಮ್ಮಾ, ಏಳಲ್ವಾ?" ಅಂತ ತಳವನ್ನೇ ಕೇಳಿದಳು. ಸುತ್ತ ನಿಂತವರೆಲ್ಲ ಗೊಳ್ಳೆಂದರು.

ಬೋಲ್ಟಿನ ಕಿವಿ ಕೆಂಪಾದವು. ಕರೆಂಟಿನ ಕಡೆ ತಿರುಗಿದಳು. "ನಿನ್ನ ಪೆಟ್ಟಿಗೆ! ಅದರ ಭಾರಕ್ಕೇ ಹೀಗಾಗಿದ್ದು."

"ನನ್ನ ಪೆಟ್ಟಿಗೆ ಮುನ್ನೂರು ಗ್ರಾಂ ಇದೆ."

"ಹಾಗಾದ್ರೆ ಏನಂತೆ ಅದರ ಲೆಕ್ಕ?"

ಕರೆಂಟು ಬಟ್ಟೆಯನ್ನೆಲ್ಲ ಮತ್ತೆ ಗಾಡಿಗೆ ಹಾಕಿಸಿ, ಬಗ್ಗಿ ಪೆಟ್ಟಿಗೆ ನೋಡಿದ. "ನಲವತ್ತೊಂದು ಕಿಲೋ."

"ನೋಡಿ! ಒಂದು ಲೋಡು ಇಪ್ಪತ್ತೈದು. ಸೆನ್ಸರ್ ಸುಳ್ಳು ಹೇಳ್ತಿದೆ. ಸುಳ್ಳು ಹೇಳೋ ಸೆನ್ಸರ್ ಇಟ್ಕೊಂಡು ಮೋಟರ್ ಹಾಕ್ತಾನಂತೆ!"

ಕರೆಂಟು ಪೆಟ್ಟಿಗೆ ಬಿಚ್ಚಿ ಅದರ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದ. ಅವನ ಮುಖ ನೋಡಿ ಡಾಕ್ಟ್ರಮ್ಮನಿಗೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತಿ ಹೋದವಳು, ರೋಗಿಗಳ ತೂಕ ನೋಡುವ ಮೆಷಿನ್ನನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ಬಟ್ಟೆಯನ್ನೆಲ್ಲ ಎರಡು ಮೂಟೆ ಕಟ್ಟಿ ಒಂದಾದ ಮೇಲೊಂದು ಅದರ ಮೇಲಿಟ್ಟರು. ಇಪ್ಪತ್ತೆರಡು. ಹತ್ತೊಂಬತ್ತು.

"ನಲವತ್ತೊಂದು," ಅಂದ ಮೌನಿ. ಅವನ ಬಾಯಿಂದ ಬಂದದ್ದರಿಂದ ಅದು ತೀರ್ಪಿನ ಹಾಗೆ ಕೇಳಿಸಿತು.

ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಅಕ್ಕನ ಮಗಳ ಮುಖ ನೋಡಿದಳು.

"ಲೋಡು ಅಂದ್ರೆ ಒಣ ಬಟ್ಟೆ ಲೆಕ್ಕ ಕಣೇ. ಮೆಷಿನ್‌ಗೆ ಹಾಕುವಾಗ ಇಪ್ಪತ್ತೈದು. ಎಷ್ಟು ಹಿಂಡಿದ್ರೂ ಆಚೆ ಬರುವಾಗ ನೀರು ಕುಡಿದು ಬರುತ್ತಲ್ಲ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಒದ್ದೆ ಬಟ್ಟೆ ಎಷ್ಟು ತೂಗುತ್ತೆ ಅಂತ ನೀನು ಕೇಳಿದ್ಯಾ? ಲೋಡ್ ಎಷ್ಟು ಅಂದೆ, ಹೇಳ್ದೆ. ಇನ್ನೂ ಏನಾದ್ರೂ ಕೇಳ್ತೀಯೇನೋ ಅಂತ ನಿಂತಿದ್ದೆ, ನೀನು ಅಂಗೈ ನೋಡ್ಕೊಂಡು ಹೊರಟೋದೆ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆಯಾಗಿತ್ತು. ದಿನಾ ತನ್ನ ಜೊತೆ ಪಾತ್ರೆ ತೊಳೆಯುವ, ಒಂದೇ ದೀಪದ ಕೆಳಗೆ ಕೂರುವ ಹೆಂಗಸನ್ನು ಅವಳು ಎರಡೇ ಪ್ರಶ್ನೆ ಕೇಳಿ ಮುಗಿಸಿದ್ದಳು. ಬೋಲ್ಟು ನೆಲ ನೋಡಿದಳು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನಲು ಅಲ್ಲಿ ನೆಲವೂ ಸಪಾಟಾಗಿಯೇ ಇತ್ತು.

ಕಾಲೇಜಿಗೆ ಹಿಂತಿರುಗುವ ಬಸ್ಸಿನಲ್ಲಿ ಗಾಡಿಯನ್ನು ಮಧ್ಯೆ ನಿಲ್ಲಿಸಿಕೊಂಡು ನಾಲ್ವರೂ ನಿಂತಿದ್ದರು. ನಾಲ್ಕನೆಯ ನಿಲ್ದಾಣದಲ್ಲಿ ಬೋಲ್ಟು ಕೂಗಿದಳು. ನೆಲಮಾಳಿಗೆಯ ಅಭ್ಯಾಸ ಇನ್ನೂ ಹೋಗಿರಲಿಲ್ಲ.

"ನಿನ್ನ ಸೆನ್ಸರ್ ಸರಿಯಾಗೇ ಇತ್ತು! ತಪ್ಪು ನಂದು!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಮುಂದಿನ ಸೀಟಿನ ಮುದುಕರೊಬ್ಬರು ಕರೆಂಟಿಗೆ, "ಹುಡುಗಿ ತಪ್ಪು ಒಪ್ಕೊಂಡಿದೆಯಲ್ಲಪ್ಪ, ಹೋಗ್ಲಿ ಬಿಡು," ಅಂದರು.

"ಬಿಟ್ಟೆ ಸಾರ್," ಅಂದ ಕರೆಂಟು. "ಆದ್ರೆ ಇನ್ನೊಂದ್ ಸಲ ಹೇಳೋಕೆ ಹೇಳಿ, ರೆಕಾರ್ಡ್ ಮಾಡ್ಕೋತೀನಿ."

ಮಾರನೆಯ ದಿನ ಮೇಡಂ ತಮ್ಮ ಕೋಣೆಗೆ ಕರೆದಾಗ, ಬೈಗುಳ ತಿನ್ನಲು ಸಿದ್ಧರಾಗಿಯೇ ನಾಲ್ವರೂ ಹೋದರು. ಮೇಡಂ ಬೈಯಲಿಲ್ಲ. ನಾಲ್ಕು ಚೀಟಿ ಕೊಟ್ಟು, "ಲೋಡ್ ಅಂದ್ರೆ ಏನು ಅಂತ ಬರೀರಿ. ಪಕ್ಕದವರದ್ದು ನೋಡ್ಬೇಡಿ," ಅಂದರು.

ಬೋಲ್ಟು ಬರೆದಳು: ಒಂದು ವಸ್ತುವಿನ ಮೇಲೆ ಬೀಳುವ ಭಾರ. ಕರೆಂಟು ಬರೆದ: ಕರೆಂಟ್ ಎಳೆದುಕೊಳ್ಳುವ ದೀಪ, ಮೋಟರು, ಯಾವುದಾದರೂ ಸರಿ. ಮೌನಿ: ಒಂದೇ ಸಲಕ್ಕೆ ಕಂಪ್ಯೂಟರಿನ ಮೇಲೆ ಬಂದು ಬೀಳುವ ಕೆಲಸ. ಡಾಕ್ಟ್ರಮ್ಮ: ಬೆನ್ನುಮೂಳೆ ತಡೆದುಕೊಳ್ಳುವ ಒತ್ತಡ; ಬಗ್ಗಿದರೆ ಅದೇ ಭಾರಕ್ಕೆ ಹಲವು ಪಟ್ಟು.

ಮೇಡಂ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಐದನೆಯದನ್ನು ತಾವೇ ಬರೆದು ಪಕ್ಕಕ್ಕಿಟ್ಟರು: ಒಂದು ಮೆಷಿನ್ ತುಂಬ ಒಣ ಬಟ್ಟೆ.

"ಆರು ವಾರದಿಂದ ಐದು ಜನ ಒಂದೇ ಮಾತು ಆಡ್ತಿದ್ದೀರಿ," ಅಂದರು. "ಒಬ್ಬರಿಗೂ ಇನ್ನೊಬ್ಬರದ್ದು ಕೇಳ್ಸಿಲ್ಲ. ಇನ್ನು ಮುಂದೆ ಒಂದು ನಿಯಮ. ಕೊನೆಯ ದಿನ ನಿಮ್ಮ ನಿಮ್ಮ ಭಾಗವನ್ನ ನೀವು ವಿವರಿಸೋ ಹಾಗಿಲ್ಲ. ಚೀಟಿ ಎತ್ತಿಸ್ತೀನಿ. ಯಾರಿಗೆ ಯಾರ ಕೆಲಸ ಬರುತ್ತೋ ಅದನ್ನ ಹೇಳಬೇಕು. ತಪ್ಪಿದ್ರೆ ಮಾರ್ಕ್ಸ್ ಹೋಗೋದು ನಾಲ್ಕೂ ಜನಕ್ಕೆ."

ಆಚೆ ಬಂದ ಮೇಲೆ ಕರೆಂಟು ತಲೆಯ ಮೇಲೆ ಕೈ ಹೊತ್ತ. "ಅಂದ್ರೆ ಮೌನಿ ನನ್ನ ಭಾಗ ಹೇಳಬೇಕಾಗಿ ಬಂದ್ರೆ? ಮುಗೀತು ನಮ್ಮ ಕಥೆ."

ಮುಗಿಯಲಿಲ್ಲ. ಕಥೆ ಶುರುವಾದದ್ದೇ ಅಲ್ಲಿಂದ. ಯಾರ ಕೆಲಸಕ್ಕೂ ತಲೆ ಹಾಕಬಾರದು ಅಂದಿದ್ದವಳು ಈಗ ಎಲ್ಲರ ಕೆಲಸಕ್ಕೂ ತಲೆ ಹಾಕಬೇಕಾಯಿತು. ಬೋಲ್ಟು ಕೈ ಸುಟ್ಟುಕೊಂಡು ತಂತಿ ಬೆಸೆಯುವುದನ್ನು ಕಲಿತಳು. ಕರೆಂಟು ಸ್ಪ್ರಿಂಗಿಗೆ ತೂಕ ನೇತುಹಾಕಿ ಅಳೆದು, ಒಂದು ಸಲ ಅದು ಚಿಮ್ಮಿ ಕನ್ನಡಕ ಕಳೆದುಕೊಂಡ. ಡಾಕ್ಟ್ರಮ್ಮನ ಮುಂದೆ ಮೂವರೂ ಸಾಲಾಗಿ ನಿಂತು ಬಗ್ಗುವುದನ್ನು ಕಲಿತರು. "ಸೊಂಟದಿಂದ ಅಲ್ಲ, ಮೊಣಕಾಲಿಂದ!" ಅಂತ ಅವಳು ಕೂಗುತ್ತಿದ್ದರೆ, ಕಾರಿಡಾರಿನಲ್ಲಿ ಹೋಗುವವರು ಇವರು ಯಾವ ನಾಟಕಕ್ಕೆ ತಯಾರಾಗುತ್ತಿದ್ದಾರೆ ಅಂತ ಇಣುಕುತ್ತಿದ್ದರು.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಾಸಿಗೆ ಬಟ್ಟೆಯ ಸಮಸ್ಯೆ ತೀರುತ್ತಿತ್ತು. ಆದರೆ ಈ ಸಲ ಬೋಲ್ಟು ಚಿಕ್ಕಮ್ಮನ ಎದುರು ನೋಟ್‌ಬುಕ್ ಹಿಡಿದು ಒಂದು ಭಾನುವಾರವಿಡೀ ಕೂತಿದ್ದಳು. ಚಿಕ್ಕಪ್ಪ ಎರಡು ಸಲ ಬಂದು ನೋಡಿ, "ಪೊಲೀಸರು ಕಳ್ಳನ್ನೂ ಇಷ್ಟು ಕೇಳಲ್ಲ," ಅಂತ ಹೇಳಿ ಹೋದ. ಆ ವಿಚಾರಣೆಯಲ್ಲಿ ಹೊಸದೊಂದು ಹೊರಬಿತ್ತು. ಟವೆಲ್ಲು ಹಾಸಿಗೆ ಬಟ್ಟೆಗಿಂತ ಹೆಚ್ಚು ನೀರು ಹಿಡಿಯುತ್ತದೆ. ಟವೆಲ್ಲಿನ ಲೋಡು ನಲವತ್ತೆಂಟರ ತನಕ ಹೋಗುತ್ತದೆ. ಆಪರೇಷನ್ ಕೋಣೆಯ ತೆಳು ಬಟ್ಟೆ ಮೂವತ್ತೈದಕ್ಕೇ ನಿಲ್ಲುತ್ತದೆ. ಒಂದಕ್ಕೆ ಸರಿಯಾದ ಸ್ಪ್ರಿಂಗು ಇನ್ನೊಂದಕ್ಕೆ ಸರಿಯಾಗುವುದಿಲ್ಲ.

ಎರಡು ದಿನ ಬೋಲ್ಟು ಊಟ ತಿಂಡಿ ಮರೆತು ಕೂತಳು. ಮೂರನೇ ದಿನ ಲ್ಯಾಬಿನಲ್ಲಿ ಅವಳು ಬೋರ್ಡಿನ ಮೇಲೆ ಬಿಡಿಸಿದ ನಾಲ್ಕು ಸ್ಪ್ರಿಂಗುಗಳ ಚಿತ್ರವನ್ನು ಕರೆಂಟು ಓರೆಯಾಗಿ ನೋಡುತ್ತಾ ನಿಂತ.

"ಇವು ನಾಲ್ಕೂ ಒಟ್ಟಿಗೇ ಎಳೆಯುತ್ತವೆ ಅಲ್ವಾ? ಪಕ್ಕ ಪಕ್ಕ?"

"ಹೂಂ."

"ಐದನೇದು ಹಾಕಿದ್ರೆ ಇನ್ನೂ ಗಟ್ಟಿ. ಆರನೇದು ಹಾಕಿದ್ರೆ ಇನ್ನೂ ಗಟ್ಟಿ."

"ಗೊತ್ತು. ಆದ್ರೆ ಯಾವಾಗ್ಲೂ ಗಟ್ಟಿ ಇದ್ರೆ ತೆಳು ಬಟ್ಟೆಗೆ ಇಳಿಯೋದೇ ಇಲ್ಲ."

"ಅದಕ್ಕೇ ಸ್ವಿಚ್ ಹಾಕು. ನಾವು ಹಾಗೇ ಮಾಡೋದು. ಬೇಕಾದಾಗ ಇನ್ನೊಂದನ್ನ ಪಕ್ಕಕ್ಕೆ ಸೇರಿಸ್ತೀವಿ, ಬೇಡದಾಗ ಬಿಡಿಸ್ತೀವಿ."

"ಸ್ಪ್ರಿಂಗಿಗೆ ಸ್ವಿಚ್ಚಾ?" ಬೋಲ್ಟು ನಕ್ಕಳು. ನಗುತ್ತಾ ಇದ್ದವಳು ಅರ್ಧಕ್ಕೇ ನಿಲ್ಲಿಸಿದಳು. ಬೋರ್ಡಿಗೆ ಓಡಿ ಹೋಗಿ, ಚೌಕಟ್ಟಿನ ಎರಡು ಬದಿಗೆ ಒಂದೊಂದು ಹೆಚ್ಚುವರಿ ಸ್ಪ್ರಿಂಗು ಬರೆದು, ಅದರ ತುದಿಗೆ ಒಂದು ಕೊಕ್ಕೆ, ಕೊಕ್ಕೆಗೊಂದು ಹಿಡಿ ಬರೆದಳು. ಹಿಡಿ ಕೆಳಗೆ ಎಳೆದರೆ ಕೊಕ್ಕೆ ತಳಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲೆ ತಳ್ಳಿದರೆ ಬಿಟ್ಟುಕೊಳ್ಳುತ್ತದೆ. ಅಷ್ಟೇ. ಸೀಮೆಸುಣ್ಣ ಎರಡು ತುಂಡಾಯಿತು.

"ಇದು ನನಗೆ ಯಾಕೆ ಹೊಳೀಲಿಲ್ಲ?"

"ನೀನು ಮೆಕ್ಯಾನಿಕಲ್ಲು ನೋಡು, ಪಾಪ," ಅಂದ ಕರೆಂಟು.

ಅವನ ಪೆಟ್ಟಿಗೆಗೂ ಆಗ ನಿಜವಾದ ಕೆಲಸ ಸಿಕ್ಕಿತು. ಸಂಖ್ಯೆ ಓದುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ ಅಂತ ಮೌನಿ ಕಾಗದದಲ್ಲಿ ಬರೆದು ತೋರಿಸಿದ್ದರಿಂದ ಸಂಖ್ಯೆ ತೆಗೆದು ಮೂರು ದೀಪ ಇಟ್ಟರು. ಹಸಿರು ಅಂದರೆ ಕೊಕ್ಕೆ ಬೇಡ. ಹಳದಿ ಅಂದರೆ ಕೊಕ್ಕೆ ಹಾಕು. ಕೆಂಪು ಅಂದರೆ ಸಾಕು, ಇನ್ನು ತುಂಬಬೇಡ, ತಳ್ಳುವವರ ಬೆನ್ನು ತಡೆಯುವುದಿಲ್ಲ; ಆ ಗಡಿಯನ್ನು ಗೊತ್ತು ಮಾಡಿದವಳು ಡಾಕ್ಟ್ರಮ್ಮ. ಪೆಟ್ಟಿಗೆಯನ್ನು ಒಂದಿಡೀ ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದಾಗ ದೀಪ ಉರಿಯುತ್ತಿದ್ದದ್ದನ್ನು ನೋಡಿ ಕರೆಂಟು ಬಕೆಟ್ಟಿಗೇ ಕೈ ಮುಗಿದ. ಹನ್ನೆರಡನೇ ವಾರ ಹೊಸ ಗಾಡಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಮೌನಿ ಮತ್ತೆ ಸ್ಟೂಲಿನ ಮೇಲೆ ಕೂತು ಗೆರೆ ಹಾಕಿದ.

ಕೊನೆಯ ದಿನ ದೊಡ್ಡ ಹಾಲ್‌ನಲ್ಲಿ ಹನ್ನೊಂದು ತಂಡ ತಮ್ಮ ತಮ್ಮ ಯಂತ್ರಗಳ ಜೊತೆ ನಿಂತಿದ್ದವು. ಪರೀಕ್ಷಕರು ಇಬ್ಬರು. ಒಬ್ಬರು ಕಾರ್ಖಾನೆಯೊಂದರ ಮ್ಯಾನೇಜರು. ಎರಡನೆಯವರು ಪ್ರತಿ ತಂಡಕ್ಕೂ ಬೇರೆ: ಆ ಯಂತ್ರವನ್ನು ಬಳಸಬೇಕಾದ ಮನುಷ್ಯರೇ. ಇದನ್ನು ಮೇಡಂ ಯಾರಿಗೂ ಹೇಳಿರಲಿಲ್ಲ. ಮದುವೆಗೆ ಹೊರಟವಳ ಹಾಗೆ ತಯಾರಾಗಿ, ಕೈಯಲ್ಲಿ ಮಾರ್ಕ್ಸ್ ಹಾಳೆ ಹಿಡಿದು ಬಂದ ಚಿಕ್ಕಮ್ಮನನ್ನು ಕಂಡು ಬೋಲ್ಟು ಗಾಡಿಯನ್ನು ಇನ್ನೊಮ್ಮೆ ಒರೆಸತೊಡಗಿದಳು. ಬೆಳಿಗ್ಗೆ ಮನೆಯಲ್ಲಿ ಎದುರುಬದುರು ಕೂತು ಟೀ ಕುಡಿದಿದ್ದರು. ಚಿಕ್ಕಮ್ಮ ಒಂದು ಮಾತೂ ಬಾಯಿ ಬಿಟ್ಟಿರಲಿಲ್ಲ.

ಚೀಟಿ ಎತ್ತಿದರು. ಸ್ಪ್ರಿಂಗು ಕರೆಂಟಿಗೆ ಬಂತು. ದೀಪದ ಪೆಟ್ಟಿಗೆ ಬೋಲ್ಟಿಗೆ. ಎಣಿಸುವ ಪ್ರೋಗ್ರಾಮ್ ಡಾಕ್ಟ್ರಮ್ಮನಿಗೆ. ಬೆನ್ನುಮೂಳೆ ಮೌನಿಗೆ.

ಮೌನಿ ಬೆಳ್ಳಗಾದ. ಮುಂದೆ ಬಂದು ನಿಂತ. ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು. ಮ್ಯಾನೇಜರು ಗಡಿಯಾರ ನೋಡಿದರು. ಆಗ ಚಿಕ್ಕಮ್ಮ ಕುರ್ಚಿಯಿಂದಲೇ, "ಸಕ್ಕರೆ ಬೇಡ ಅಂದ್ಯಲ್ಲಪ್ಪ ಅವತ್ತು, ಅದೇ ಥರ ಹೇಳು," ಅಂದಳು.

ಹಾಲ್ ನಕ್ಕಿತು. ಮೌನಿಯೂ ನಕ್ಕ. ಆಮೇಲೆ ಮೈಕನ್ನು ಪಕ್ಕಕ್ಕಿಟ್ಟು, ಮೇಜಿನ ಕೆಳಗಿದ್ದ ಕಸದ ಡಬ್ಬಿಯನ್ನು ಎಳೆದು, ಅದರೊಳಗೆ ಬಗ್ಗಿ ತೋರಿಸಿದ. "ಹೀಗೆ ಬಗ್ಗಿದಾಗ ಇಲ್ಲಿ, ಈ ಜಾಗದಲ್ಲಿ ನೋವು. ಹೀಗೆ ಬಗ್ಗಿ ಹೀಗೆ ತಿರುಗಿದಾಗ ಇನ್ನೂ ಹೆಚ್ಚು. ಇದನ್ನ ನಾನು ಮೂರು ದಿನ ಕೂತು ನೋಡಿದ್ದೀನಿ. ಒಬ್ಬೊಬ್ಬರು ಇನ್ನೂರ ಹದಿನಾಲ್ಕು ಸಲ. ಹೊಸ ಗಾಡಿಯಲ್ಲಿ ಹತ್ತೊಂಬತ್ತು ಸಲ." ಅವನು ಹನ್ನೊಂದು ನಿಮಿಷ ಮಾತಾಡಿದ. ಕೊಟ್ಟದ್ದು ಐದೇ ನಿಮಿಷ. ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಡಾಕ್ಟ್ರಮ್ಮ ಕಣ್ಣೊರೆಸಿಕೊಂಡು, "ಮೊಣಕಾಲಿಂದ ಬಗ್ಗಿದ, ನೋಡಿದ್ರಾ," ಅಂದಳು.

ಕರೆಂಟು ಸ್ಪ್ರಿಂಗಿನ ಬಗ್ಗೆ ಹೇಳಿದ್ದು ಚೆನ್ನಾಗಿತ್ತು, ಸ್ವಲ್ಪ ಉದ್ದವಾಗಿತ್ತು. ಡಾಕ್ಟ್ರಮ್ಮ ಬಾಗಿಲನ್ನೂ ಎಣಿಸಿದ ಪ್ರೋಗ್ರಾಮಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಕೊನೆಗೆ ಬೋಲ್ಟು ದೀಪದ ಪೆಟ್ಟಿಗೆ ವಿವರಿಸಿದಳು. ಮ್ಯಾನೇಜರು ತಲೆಯಾಡಿಸಿದರು. ಚಿಕ್ಕಮ್ಮ ಕೈ ಎತ್ತಿದಳು.

"ಬ್ಯಾಟರಿ ಮುಗಿದುಹೋದ್ರೆ?"

ಬೋಲ್ಟು ಕರೆಂಟಿನ ಮುಖ ನೋಡಿದಳು. ಸಹಾಯ ಮಾಡುವ ಹಾಗಿರಲಿಲ್ಲ; ಅವನು ಸೂರು ನೋಡುತ್ತಿದ್ದ. ವಾರಗಟ್ಟಲೆ ಪಕ್ಕದಲ್ಲಿ ಕೂತು ಅವನು ವಟಗುಟ್ಟಿದ್ದೆಲ್ಲ ಅವಳ ತಲೆಯಲ್ಲಿ ಒಮ್ಮೆ ಸುತ್ತಿತು.

"ದೀಪ ಆರಿಹೋಗುತ್ತೆ. ಗಾಡಿ ಮಾತ್ರ ಕೆಲಸ ಮಾಡ್ತಾನೇ ಇರುತ್ತೆ. ಇವನು ಬೇಕಂತಲೇ ಹಾಗೆ ಮಾಡಿದ್ದಾನೆ. ಮೊದ್ಲು ಇವನಿಗೆ ಮೋಟರ್ ಹಾಕೋ ಆಸೆ ಇತ್ತು. ಮೋಟರ್ ಕೆಟ್ರೆ ಗಾಡಿ ನಿಂತುಹೋಗುತ್ತೆ, ಬಟ್ಟೆ ನಿಲ್ಲಲ್ಲ ಅಂತ ಇವನೇ ಕೈಬಿಟ್ಟ. ನನ್ನ ಕೈಲಿ ಅಷ್ಟು ಸುಲಭವಾಗಿ ಬಿಡೋಕಾಗ್ತಿರಲಿಲ್ಲ."

ಕರೆಂಟು ಸೂರು ನೋಡುವುದನ್ನು ನಿಲ್ಲಿಸಿದ.

ಅವರ ತಂಡಕ್ಕೆ ಮೊದಲ ಬಹುಮಾನ ಬರಲಿಲ್ಲ. ಬಂದದ್ದು ಮೂರನೇ ಸ್ಥಾನ. ಬೋಲ್ಟಿಗೆ ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಚಿಕ್ಕಮ್ಮನ ಹಾಳೆಯಲ್ಲಿದ್ದ ಇಪ್ಪತ್ತಕ್ಕೆ ಹದಿನಾರು.

"ನಾಲ್ಕು ಯಾಕೆ ಕಟ್ ಮಾಡ್ದೆ?" ಅಂತ ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು.

"ಬ್ರೇಕು. ನಮ್ಮ ಚಪ್ಪಲಿ ಯಾವಾಗ್ಲೂ ಒದ್ದೆ. ಗಾಡಿ ಚಕ್ರಕ್ಕೆ ನೀನು ಹಾಕಿರೋ ಬ್ರೇಕ್ ಮೇಲೆ ಕಾಲಿಟ್ರೆ ಜಾರುತ್ತೆ."

"ಒಂದು ಬ್ರೇಕಿಗೆ ನಾಲ್ಕಾ? ಸ್ವಂತ ಅಕ್ಕನ ಮಗಳಿಗೆ?"

"ಅಕ್ಕನ ಮಗಳು ಅಂತಲೇ ನಾಲ್ಕಕ್ಕೆ ಬಿಟ್ಟೆ. ಜಾರಿ ಬಿದ್ರೆ ಸೊಂಟ ಯಾರದ್ದು?"

ಮುಂದಿನ ವಾರ ಬ್ರೇಕಿಗೆ ಅಡ್ಡಗೆರೆಗಳಿರುವ ರಬ್ಬರ್ ಹೊದಿಸಿಕೊಂಡು ನಾಲ್ವರೂ ನೆಲಮಾಳಿಗೆಗೆ ಹೋದರು. ಮಾರ್ಕ್ಸ್ ಆಗಲೇ ಬಂದಾಗಿತ್ತು, ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಒದ್ದೆ ಚಪ್ಪಲಿಯಲ್ಲಿ ಬ್ರೇಕನ್ನು ಹತ್ತು ಸಲ ತುಳಿದು ನೋಡಿ, "ಹದಿನೆಂಟು," ಅಂದಳು. ಮೇಲ್ವಿಚಾರಕರು ಬಂದು ಇಂಥವೇ ಇನ್ನೆರಡು ಆಗುತ್ತದಾ ಅಂತ ವಿಚಾರಿಸಿದರು.

ಅಷ್ಟರಲ್ಲಿ ಇಸ್ತ್ರಿ ಮಾಡುವ ಕಡೆಯಿಂದ ದಪ್ಪನೆಯ ಹೆಂಗಸೊಬ್ಬರು ಮೊಣಕೈ ನೀವಿಕೊಳ್ಳುತ್ತಾ ಬಂದರು. "ಅವರಿಗೆ ಮಾತ್ರ ಮಾಡ್ಕೊಟ್ರಾ? ನನ್ನ ಈ ಕೈ ನೋಡಿ. ಆ ಇಸ್ತ್ರಿ ಮೆಷಿನ್ ಮುಚ್ಚಳ ಎಳೆದೆಳೆದು..."

"ಮುಚ್ಚಳಕ್ಕೆ ಒಂದು ಮೋಟರು..." ಅಂದ ಕರೆಂಟು. "ಎದುರಿಗೆ ಒಂದು ತೂಕ ಕಟ್ಟಿದ್ರೆ..." ಅಂತ ಬೋಲ್ಟಿನ ಬಾಯಿಗೂ ಬಂದಿತ್ತು. ನುಂಗಿಕೊಂಡಳು. ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ನೋಟ್‌ಬುಕ್ ತೆಗೆದಳು.

"ಹೇಳಿ ಅಕ್ಕ. ಬೆಳಿಗ್ಗೆ ಬಂದ ತಕ್ಷಣದಿಂದ ಹೇಳಿ."

ಇಸ್ತ್ರಿ ಅಕ್ಕನಿಗೆ ಹಾಗೆ ಕೇಳಿದವರು ಇದುವರೆಗೆ ಯಾರೂ ಸಿಕ್ಕಿರಲಿಲ್ಲವೋ ಏನೋ. ಬೆಳಿಗ್ಗೆಯಿಂದ ಶುರು ಮಾಡಿದವರು ಹತ್ತೂವರೆಗೆ ಬರುವ ಹೊತ್ತಿಗೆ ಟೀ ಸಮಯ ಮುಗಿದಿತ್ತು. ಅವರ ಮೇಜಿನ ಮೇಲೆ ಒಣಗಿದ ಹಾಸಿಗೆ ಬಟ್ಟೆ ಬೆಟ್ಟದ ಹಾಗೆ ಬಿದ್ದಿತ್ತು.

"ಅವಳು ಕಥೆ ಹೇಳ್ತಾ ಕೂತ್ರೆ ಮಡಚೋರು ಯಾರು?" ಅಂತ ಚಿಕ್ಕಮ್ಮ ಸುತ್ತ ನೋಡಿ, ಸುಮ್ಮನೆ ನಿಂತಿದ್ದ ಕರೆಂಟು ಮತ್ತು ಮೌನಿಯ ಕೈಗೆ ಒಂದು ಹಾಸಿಗೆ ಬಟ್ಟೆಯ ನಾಲ್ಕು ತುದಿ ಕೊಟ್ಟಳು. ಒಬ್ಬ ಬಲಕ್ಕೆ ಮಡಚಿದ, ಇನ್ನೊಬ್ಬ ಎಡಕ್ಕೆ. ಬಟ್ಟೆ ಹಗ್ಗದ ಹಾಗೆ ಸುತ್ತಿಕೊಂಡಿತು.

"ಬಲಕ್ಕೆ ಅಂದ್ನಲ್ಲೋ!" ಅಂದ ಕರೆಂಟು.

"ಯಾರ ಬಲಕ್ಕೆ?" ಅಂತ ಮೌನಿ ಮೆಷಿನ್‌ಗಳ ಸದ್ದನ್ನೂ ಮೀರಿ ಕೂಗಿದ. ಇಸ್ತ್ರಿ ಅಕ್ಕ ಹತ್ತೂವರೆಯ ಕಥೆಯನ್ನು ಅಲ್ಲೇ ಬಿಟ್ಟು, ನೋಯುವ ಮೊಣಕೈಯನ್ನೂ ಮರೆತು, ಹೊಟ್ಟೆ ಹಿಡಿದುಕೊಂಡು ನಕ್ಕರು.